ಗ್ರಂಥಸೂಚಿಯಲ್ಲಿ ಮುದ್ದಣನ ಶೋಧ

ಗ್ರಂಥಾಲಯದಲ್ಲಿ ಪುಸ್ತಕವಿದ್ದೂ ಓದುಗನ ಕೈಗೆ ಸಿಗದಿದ್ದರೆ ಅದು ಇಲ್ಲದಿರುವುದಕ್ಕೆ ಸಮ. ಗಣಕಯಂತ್ರದ ಗ್ರಂಥಸೂಚಿ ಬಂದಮೇಲೂ ಈ ಮಾತು ಸುಳ್ಳಾಗಿಲ್ಲ. ಸೂಚಿಯಲ್ಲಿ ಒಂದು ಪದವನ್ನು ಬರೆದು, ಉತ್ತರ ಬಾರದೊಡನೆ ಅಂಥ ಪುಸ್ತಕವೇ ಇಲ್ಲವೆಂದು ತೀರ್ಮಾನಿಸುವ ವಿದ್ಯಾರ್ಥಿಗಳನ್ನು ನಾನು ಪ್ರತಿವರ್ಷವೂ ಕಾಣುತ್ತೇನೆ. ಆ ತೀರ್ಮಾನವೇ ಮುಂದೆ ಸಂಪ್ರಬಂಧವನ್ನು ಸೇರಿ, ಈ ವಿಷಯವಾಗಿ ಹಿಂದೆ ಯಾರೂ ಬರೆದಿಲ್ಲವೆಂಬ ವಾಕ್ಯವಾಗುತ್ತದೆ. ಹಿಂದೆ ದುಡಿದವರ ಶ್ರಮ ಒಂದು ಸಾಲಿನಲ್ಲಿ ಅಳಿಸಿಹೋಗುವುದು ಸಣ್ಣ ಅನ್ಯಾಯವಲ್ಲ.

ನಮ್ಮ ಗ್ರಂಥಾಲಯಗಳ ಸೂಚಿ ಸಾಮಾನ್ಯವಾಗಿ ಅಕ್ಷರವನ್ನು ಅಕ್ಷರದೊಡನೆ ಹೋಲಿಸಿ ನೋಡುತ್ತದೆ. ಅರ್ಥದ ಗೊಡವೆಗೆ ಹೋಗುವುದಿಲ್ಲ. ಆದುದರಿಂದ ಅರ್ಥದ ಭಾರವೆಲ್ಲ ಕೇಳುವವನ ಮೇಲೆಯೇ ಬೀಳುತ್ತದೆ. ಮುದ್ದಣನನ್ನು ಹುಡುಕಹೊರಟರೆ ಈ ಸಂಗತಿ ಚೆನ್ನಾಗಿ ಮನದಟ್ಟಾಗುತ್ತದೆ.

ನಂದಳಿಕೆ ಲಕ್ಷ್ಮೀನಾರಣಪ್ಪ (1870–1901) ತನ್ನ ಕೃತಿಗಳನ್ನು ಹಳೆಯ ಕವಿಗಳ ಗ್ರಂಥಗಳೆಂಬಂತೆ ಪ್ರಕಟಣೆಗೆ ಕಳುಹಿಸಿ ತಾನು ಮರೆಯಲ್ಲಿ ನಿಂತವನು. ಇಂದು ಅವನು ಸೂಚಿಗಳಲ್ಲಿ ಒಮ್ಮೆ ಮುದ್ದಣ, ಒಮ್ಮೆ ಮುದ್ದಣ್ಣ, ಮತ್ತೊಮ್ಮೆ ಲಕ್ಷ್ಮೀನಾರಣಪ್ಪ ಅಥವಾ ಲಕ್ಷ್ಮೀನಾರಾಯಣಪ್ಪ ಆಗಿರಬಹುದು. ಕೃತಿಯಾದರೋ ರಾಮಾಶ್ವಮೇಧ, ರಾಮಾಶ್ವಮೇಧಂ, ಶ್ರೀರಾಮಾಶ್ವಮೇಧಂ ಎಂದು ಮೂರು ವೇಷಗಳಲ್ಲಿ ಬರುತ್ತದೆ. ಇವುಗಳಲ್ಲಿ ಒಂದನ್ನೇ ಬರೆದು ಕೇಳಿದವನಿಗೆ ಉಳಿದವು ಕಾಣದೆ ಹೋಗಬಹುದು.

ಈ ತೊಡಕನ್ನು ಬಿಡಿಸಲು ಮೂರು ಪುಟ್ಟ ಪದಗಳಿವೆ: ಮತ್ತು, ಅಥವಾ, ಅಲ್ಲ. ಬಹುಮಟ್ಟಿನ ಸೂಚಿಗಳಲ್ಲಿ ಇವನ್ನು ಆ್ಯಂಡ್, ಆರ್, ನಾಟ್ ಎಂದು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕು. ಇವುಗಳ ಹಿಂದಿರುವ ತರ್ಕವನ್ನು ಗಣಿತದ ರೂಪಕ್ಕೆ ತಂದವನು ಜಾರ್ಜ್ ಬೂಲ್. ಚಿಂತನೆಯ ನಿಯಮಗಳನ್ನು ಕುರಿತ ಅವನ ಗ್ರಂಥ ಪ್ರಕಟವಾದದ್ದು 1854ರಲ್ಲಿ; ಆಗ ಅವನು ಐರ್ಲೆಂಡಿನ ಕಾರ್ಕ್ ನಗರದಲ್ಲಿ ಗಣಿತದ ಪ್ರಾಧ್ಯಾಪಕನಾಗಿದ್ದ.

ಇಲ್ಲಿ ಒಂದು ವಿಶೇಷವನ್ನು ಗಮನಿಸಬೇಕು. ನಮ್ಮ ಮಾತಿನಲ್ಲಿ 'ಮತ್ತು' ಎಂದರೆ ಸಂಖ್ಯೆ ಹೆಚ್ಚುತ್ತದೆ; ಸೂಚಿಯಲ್ಲಿ ಅದು ಕುಗ್ಗುತ್ತದೆ. 'ಮುದ್ದಣ ಮತ್ತು ಯಕ್ಷಗಾನ' ಎಂದು ಕೇಳಿದರೆ ಎರಡು ಪದಗಳೂ ಇರುವ ದಾಖಲೆಗಳು ಮಾತ್ರ ಬರುತ್ತವೆ. ಹೆಚ್ಚಿಸುವ ಪದ 'ಅಥವಾ'. ಎರಡನ್ನೂ ಬೆರೆಸುವಾಗ ಆವರಣ ಚಿಹ್ನೆ ಬೇಕು: (ಮುದ್ದಣ ಅಥವಾ ಲಕ್ಷ್ಮೀನಾರಣಪ್ಪ) ಮತ್ತು ಯಕ್ಷಗಾನ. ಹೀಗೆ ಕೇಳಿದರೆ ಅವನ 'ರತ್ನಾವತಿ ಕಲ್ಯಾಣ', 'ಕುಮಾರವಿಜಯ'ಗಳ ದಾಖಲೆ ಯಾವ ಹೆಸರಿನಲ್ಲಿದ್ದರೂ, ಅದರಲ್ಲಿ ಯಕ್ಷಗಾನವೆಂಬ ಪದವಿದ್ದರೆ ಕಾಣಸಿಗುತ್ತದೆ.

ಪದದ ಕೊನೆಯಲ್ಲಿಡುವ ನಕ್ಷತ್ರ ಚಿಹ್ನೆ ಕನ್ನಡಕ್ಕೆ ವಿಶೇಷ ಉಪಕಾರಿ. ಏಕೆಂದರೆ ನಮ್ಮ ಪದಗಳು ವಿಭಕ್ತಿ ಪ್ರತ್ಯಯಗಳನ್ನು ಬೆನ್ನಿಗೆ ಕಟ್ಟಿಕೊಂಡೇ ನಡೆಯುತ್ತವೆ. ಈ ಸೌಲಭ್ಯವುಳ್ಳ ಸೂಚಿಯಲ್ಲಿ 'ಮುದ್ದಣ*' ಎಂದರೆ ಮುದ್ದಣನ, ಮುದ್ದಣ್ಣ ಎಲ್ಲವೂ ಬರುತ್ತವೆ. ಆದರೆ ಎಲ್ಲಿ ಕತ್ತರಿಸಬೇಕೆಂಬ ವಿವೇಕ ಬೇಕು. 'ಕಾಡ*' ಎಂದು ಬರೆದವನಿಗೆ ಕಾಡು, ಕಾಡಿನ ಎಂಬುವುಗಳೊಡನೆ ಕಣ್ಣಿಗೆ ಹಚ್ಚುವ ಕಾಡಿಗೆಯೂ ಬಂದೀತು! ಮೇಲಾಗಿ, ಈ ಚಿಹ್ನೆ ಪದದ ಕೊನೆಯನ್ನು ಮಾತ್ರ ತೆರೆಯುತ್ತದೆ. 'ಅಶ್ವಮೇಧ*' ಎಂದು ಕೇಳಿದರೆ ರಾಮಾಶ್ವಮೇಧ ದೊರೆಯದು. ಅಶ್ವದ ಅಕಾರ ಸವರ್ಣದೀರ್ಘ ಸಂಧಿಯಲ್ಲಿ ಕರಗಿಹೋಗಿದೆ. ವ್ಯಾಕರಣದಿಂದ ಏನು ಪ್ರಯೋಜನವೆಂದು ಕೇಳುವ ವಿದ್ಯಾರ್ಥಿಗಳಿಗೆ ನಾನು ಈಗ ಈ ಉದಾಹರಣೆಯನ್ನೇ ಕೊಡುತ್ತೇನೆ.

'ಅಲ್ಲ' ಎಂಬ ಪದವನ್ನು ಮಾತ್ರ ಬಹಳ ಎಚ್ಚರದಿಂದ ಬಳಸಬೇಕು. ಮೂಲಕೃತಿಯಷ್ಟೇ ಸಾಕೆಂದು 'ರಾಮಾಶ್ವಮೇಧ ಅಲ್ಲ ವಿಮರ್ಶೆ' ಎಂದು ಕೇಳಿದರೆ, ಮೂಲದೊಡನೆ ವಿಮರ್ಶೆಯನ್ನೂ ಸೇರಿಸಿ ಅಚ್ಚುಮಾಡಿದ ಒಳ್ಳೆಯ ಆವೃತ್ತಿಯೇ ಜಾರಿಹೋಗಬಹುದು. ಬೇಡವೆಂದು ತಳ್ಳಿದ್ದು ನಮ್ಮ ಕಣ್ಣಿಗೆ ಬೀಳುವುದಿಲ್ಲವಾದ್ದರಿಂದ ಕಳೆದುಕೊಂಡದ್ದೂ ತಿಳಿಯುವುದಿಲ್ಲ.

ಎಸ್. ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೂರನೆಯದರ ಆಶಯ, ಪ್ರತಿಯೊಂದು ಗ್ರಂಥಕ್ಕೂ ಅದರ ಓದುಗ ದೊರೆಯಬೇಕೆಂಬುದು. ಆ ಹೊಣೆ ಗ್ರಂಥಪಾಲಕನೊಬ್ಬನದೇ ಅಲ್ಲ. ಓದುಗನೂ ಅರ್ಧದಾರಿ ನಡೆದು ಬರಬೇಕು. ಹುಡುಕುವ ಮುನ್ನ ಕವಿಯ ಹೆಸರುಗಳನ್ನೂ ಕೃತಿಯ ರೂಪಾಂತರಗಳನ್ನೂ ಒಂದು ಹಾಳೆಯಲ್ಲಿ ಬರೆದುಕೊಳ್ಳುವುದು ಒಳ್ಳೆಯದು. ಎಲ್ಲವನ್ನೂ ಕೇಳಿಯೂ ಸಿಗದಿದ್ದರೆ, ಯಾವ ಸೂಚಿಯಲ್ಲಿ ಯಾವ ಪದಗಳಿಂದ ಹುಡುಕಿದೆನೆಂಬುದನ್ನು ಸಂಪ್ರಬಂಧದಲ್ಲಿ ಹೇಳಿ, 'ನನಗೆ ದೊರೆಯಲಿಲ್ಲ' ಎಂದು ಬರೆಯಲಿ. 'ಇಲ್ಲ' ಎನ್ನುವ ಅಧಿಕಾರ ಅಷ್ಟು ಸುಲಭವಾಗಿ ಬರುವಂಥದಲ್ಲ. ಮುದ್ದಣ ತನ್ನ ಕಾಲದಲ್ಲಿ ಮರೆಯಾಗಿ ನಿಂತದ್ದು ಅವನ ಇಷ್ಟ. ನಮ್ಮ ಕಾಲದಲ್ಲಿ ಅವನು ಮರೆಯಾದರೆ ಅದು ನಮ್ಮ ಅಲಕ್ಷ್ಯ.