ಜಪಾನಿನ ಸಾಫ್ಟ್‌ಬಾಲ್ ವನಿತೆಯರು

1970ರಲ್ಲಿ ಒಸಾಕಾದ ವಿಶ್ವಸ್ಪರ್ಧೆಯನ್ನು ಜಯಿಸಿದ್ದ ಜಪಾನಿನ ಮಹಿಳಾ ಸಾಫ್ಟ್‌ಬಾಲ್ ತಂಡಕ್ಕೆ ಒಲಿಂಪಿಕ್ಸಿನಲ್ಲಿ ಮೊದಲು ಲಭಿಸಿದ್ದು 2000ದ ಸಿಡ್ನಿಯ ರಜತ, ಬಳಿಕ ಅಥೆನ್ಸಿನ ಕಂಚು. ಆದರೆ 2008ರ ಬೀಜಿಂಗಿನಲ್ಲಿ, ತೋಳನ್ನು ಚಕ್ರದಂತೆ ತಿರುಗಿಸಿ ಸೊಂಟದ ಬಳಿಯಿಂದ ಚೆಂಡೆಸೆಯುವ ಯುಕಿಕೊ ಉಎನೊ ಎಂಬ ತರುಣಿಯು, ಎರಡೇ ದಿನಗಳಲ್ಲಿ ಮೂರು ಪಂದ್ಯಗಳನ್ನಾಡಿ, ಅವುಗಳಲ್ಲೊಂದು ಹನ್ನೆರಡು ಇನ್ನಿಂಗ್ಸ್‌ವರೆಗೆ ಬೆಳೆದರೂ ಧೃತಿಗೆಡದೆ, ಒಟ್ಟು 413 ಎಸೆತಗಳನ್ನೆಸೆದು, ಒಲಿಂಪಿಕ್ಸಿನಲ್ಲಿ ಸತತವಾಗಿ 22 ಪಂದ್ಯಗಳನ್ನು ಗೆದ್ದಿದ್ದ ಅಮೆರಿಕವನ್ನು 3-1ರಿಂದ ಪರಾಭವಗೊಳಿಸಿದುದು ಕ್ರೀಡಾಚರಿತ್ರೆಯ ಮಹತ್ಸಾಹಸಗಳಲ್ಲೊಂದೆಂದೇ ನನ್ನ ಭಾವನೆ. ಅನಂತರ ಒಲಿಂಪಿಕ್ಸ್ ಈ ಆಟವನ್ನೇ ಕೈಬಿಟ್ಟಿತು. ಅದು ಮರಳಿದ 2021ರ ಟೋಕಿಯೋ ಫೈನಲಿನಲ್ಲಿ, ಮೂರನೆಯ ಬೇಸಿನ ಆಟಗಾರ್ತಿಯ ಕೈಗೆ ಬಡಿದು ಚಿಮ್ಮಿದ ಚೆಂಡನ್ನು ಮನಾ ಅತ್ಸುಮಿ ನೆಲಕ್ಕೆ ಬೀಳಗೊಡದೆ ಹಿಡಿದು, ಎರಡನೆಯ ಬೇಸಿಗೆಸೆದು, ಅಮೆರಿಕದ ಇಬ್ಬರನ್ನು ಒಮ್ಮೆಗೇ ಔಟ್ ಮಾಡಿಸಿದಳು. 39ರ ಉಎನೊ ಕೊನೆಯ ಇನ್ನಿಂಗ್ಸಿಗೆ ಮತ್ತೆ ಚೆಂಡು ಹಿಡಿದು 2-0 ವಿಜಯವನ್ನು ಪೂರೈಸಿದಳು.