ಬೆನ್ನಿನ ಬೇನೆಗೆ ರಕ್ತದ ಸಾಕ್ಷಿ

ಮುದುಕರು ಬೆಳಗ್ಗೆ ಹಾಸಿಗೆಯಿಂದೇಳಲು ತಡಮಾಡಿದರೆ ವಯೋಧರ್ಮವೆನ್ನುತ್ತೇವೆ. ಆದರೆ ಇಪ್ಪತ್ತೈದರ ತರುಣನೊಬ್ಬ ಎದ್ದು ಒಂದು ಗಂಟೆಯಾದರೂ ಬೆನ್ನು ಬಗ್ಗಿಸಲಾರದೆ, ಅತ್ತಿತ್ತ ನಡೆದಾಡಿದ ಮೇಲಷ್ಟೇ ಸಡಿಲಗೊಂಡರೆ? ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಸ್ಥಿತಿ ಹೀಗಿತ್ತು. ವಿಶ್ರಾಂತಿಯಿಂದ ಹೆಚ್ಚಿ ಚಲನೆಯಿಂದ ತಗ್ಗುವ ಈ ಬೇನೆಗೆ ವೈದ್ಯರು ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉದ್ದನೆಯ ಹೆಸರಿಟ್ಟಿದ್ದಾರೆ. ಬೆನ್ನೆಲುಬಿನ ಉರಿಯೂತದ ಸಂಧಿವಾತವೆಂದು ನಾವು ಹೇಳಿಕೊಳ್ಳಬಹುದು. ಕಾಲಕ್ರಮದಲ್ಲಿ ಕೆಲವರ ಬೆನ್ನುಮಣಿಗಳು ಒಂದಕ್ಕೊಂದು ಬೆಸೆದು ಬೆನ್ನು ಬಿದಿರಿನ ಗಳುವಿನಂತಾಗುವುದುಂಟು.

ವ್ಯಾಯಾಮ ಮತ್ತು ಉರಿಯೂತ ತಗ್ಗಿಸುವ ಮಾತ್ರೆ ಇದಕ್ಕೆ ಮೊದಲ ಮದ್ದು. ಅವು ಸಾಲದಾದಾಗ ಚುಚ್ಚುಮದ್ದಿನ ಸರದಿ. ದೇಹವೇ ತಯಾರಿಸುವ ಟಿ.ಎನ್.ಎಫ್. ಎಂಬ ಪ್ರೋಟೀನು ಉರಿಯೂತವೆಂಬ ಬೆಂಕಿಗೆ ತಿದಿಯೊತ್ತುತ್ತದೆ. ಅದನ್ನು ಹಿಡಿದು ಕಟ್ಟುವುದೇ ಈ ಮದ್ದಿನ ಕೆಲಸ. ಇಂಥ ಮದ್ದುಗಳಲ್ಲೊಂದಾದ ಎಟನರ್‌ಸೆಪ್ಟನ್ನು ಈ ರೋಗದಲ್ಲಿ ಬಳಸಲು ಅಮೆರಿಕದಲ್ಲಿ 2003ರಲ್ಲಿ ಒಪ್ಪಿಗೆ ದೊರೆಯಿತು. ಇವು ದುಬಾರಿ, ಮೈಯೊಳಗೆ ನಿದ್ರಿಸುತ್ತಿರುವ ಕ್ಷಯವನ್ನು ಎಬ್ಬಿಸಬಹುದಾದ್ದರಿಂದ ಮುಂಚೆಯೇ ಅದರ ಪರೀಕ್ಷೆ ಆಗಬೇಕು, ಇಷ್ಟಾದರೂ ಎಲ್ಲರಿಗೂ ಹಿಡಿಸುವುದಿಲ್ಲ. ಹಿಡಿಸಿತೇ ಎಂದು ತಿಳಿಯಲು ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕು.

"ಮೇಷ್ಟ್ರೇ, ರಕ್ತ ನೋಡಿ ಮೊದಲೇ ಹೇಳೋಕಾಗಲ್ವೆ?" ಎಂದು ಹುಡುಗನ ತಂದೆ ಕೇಳಿದರು. ನನಗೆ ಮಾಧವನಿದಾನ ನೆನಪಾಯಿತು. ಅಲ್ಲಿ ರೋಗವನ್ನರಿಯುವ ಐದು ಬಗೆಗಳಲ್ಲಿ 'ಉಪಶಯ'ವೂ ಒಂದು: ಮದ್ದನ್ನೋ ಪಥ್ಯವನ್ನೋ ಕೊಟ್ಟು, ಮೈಗೆ ಒಗ್ಗಿತೇ ಎಂದು ನೋಡಿ ತಿಳಿಯುವುದು. ಇಂದಿನ ವೈದ್ಯರೂ ಈ ರೋಗದಲ್ಲಿ ಬಹುಪಾಲು ಹೀಗೆಯೇ ನಡೆಯುತ್ತಾರೆಂದರೆ ಆಶ್ಚರ್ಯವಾದೀತು.

ಹಾಗೆಂದು ರಕ್ತ ಏನೂ ನುಡಿಯದೆ ಇಲ್ಲ. ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿ ಟಿಲೆಟ್ ಮತ್ತು ಫ್ರಾನ್ಸಿಸ್ ಎಂಬಿಬ್ಬರು 1930ರಲ್ಲಿ ನ್ಯುಮೋನಿಯಾ ರೋಗಿಗಳ ರಕ್ತದಲ್ಲಿ ಒಂದು ವಸ್ತುವನ್ನು ಕಂಡರು. ಅದೇ ಸಿ.ಆರ್.ಪಿ. ದೇಹದಲ್ಲಿ ಎಲ್ಲಿ ಉರಿಯೆದ್ದರೂ ಯಕೃತ್ತು ಇದನ್ನು ಹೆಚ್ಚಾಗಿ ಸುರಿಸುತ್ತದೆ. ಇದು ಏರಿದ್ದರೆ ರೋಗಿ ಹೆದರುವುದು ಸಹಜ, ಆದರೆ ಟಿ.ಎನ್.ಎಫ್. ತಡೆಯುವ ಮದ್ದು ಅಂಥವರಲ್ಲೇ ಹೆಚ್ಚಾಗಿ ಫಲಿಸುತ್ತದೆಂದು ಕಂಡುಬಂದಿದೆ. ಎಳೆಯ ವಯಸ್ಸು, ರೋಗ ಹಳತಾಗದಿರುವುದು, ಇವೂ ಅನುಕೂಲವೇ. ಬೆಂಕಿ ಉರಿಯುತ್ತಿರುವಲ್ಲಿ ನೀರಿಗೆ ಕೆಲಸವುಂಟು. ಬೆಸೆದುಹೋದ ಎಲುಬಿನಲ್ಲಿ ಅದಕ್ಕೆ ಕೆಲಸವೇನು?

ತೊಡಕಿರುವುದು ಮುಂದೆ. ಈ ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧ ಜನರಿಗೆ ಸಿ.ಆರ್.ಪಿ. ಏರುವುದೇ ಇಲ್ಲ. ಅವರ ನೋವು ಸುಳ್ಳಲ್ಲ. ಅವರಲ್ಲೂ ಹಲವರಿಗೆ ಚುಚ್ಚುಮದ್ದಿನಿಂದ ಗುಣ ಕಂಡಿದೆ. ಸಿ.ಆರ್.ಪಿ. ಒಲವನ್ನು ತೋರೀತು, ತೀರ್ಪು ಕೊಡದು. 1973ರಲ್ಲಿ ಲಂಡನ್ನಿನಲ್ಲೂ ಲಾಸ್ ಏಂಜಲೀಸಿನಲ್ಲೂ ಈ ರೋಗದೊಡನೆ ನಂಟುಳ್ಳದ್ದೆಂದು ಕಂಡುಬಂದ ಎಚ್.ಎಲ್.ಎ. ಬಿ-27 ಎಂಬ ವಂಶವಾಹಿಯ ಗುರುತು ಕೂಡ ರೋಗವನ್ನು ಗುರುತಿಸಲು ನೆರವಾದಷ್ಟು ಮದ್ದನ್ನು ಆರಿಸಲು ನೆರವಾಗದು. ಆ ಗುರುತನ್ನು ಹೊತ್ತೂ ಜೀವಮಾನವೆಲ್ಲ ನೆಟ್ಟಗೆ ನಡೆಯುವವರೇ ಬಹಳ. ಕ್ಯಾಲ್‌ಪ್ರೊಟೆಕ್ಟಿನ್ ಮೊದಲಾದ ಬೇರೆ ವಸ್ತುಗಳ ಪರಿಶೀಲನೆ ನಡೆದಿದೆಯಾದರೂ ಯಾವುದೂ ಇನ್ನೂ ದಿನಬಳಕೆಯ ಪರೀಕ್ಷೆಯಾಗಿಲ್ಲ.

ನಮ್ಮ ಹುಡುಗನ ಸಿ.ಆರ್.ಪಿ. ಸಹಜವಾಗಿಯೇ ಇತ್ತು. "ರಿಪೋರ್ಟೆಲ್ಲ ಸರಿಯಾಗಿದೆ, ಇವನದೇ ಸೋಮಾರಿತನ" ಎಂದು ಮನೆಯಲ್ಲಿ ಕೆಲವರು ಅಂದಿದ್ದರು. ಸೊಂಟದ ಹಿಂಬದಿಯ ಕೀಲುಗಳ ಎಂ.ಆರ್.ಐ. ಚಿತ್ರದಲ್ಲಿ ಉರಿಯೂತ ಎದ್ದುಕಂಡ ಮೇಲೆ ಆ ಮಾತು ನಿಂತಿತು. ಕ್ಷಯದ ಪರೀಕ್ಷೆ ಮುಗಿದು ಚುಚ್ಚುಮದ್ದು ಆರಂಭವಾಗಿದೆ. ಇದು ಐದನೆಯ ವಾರ. ಬೆಳಗಿನ ಬಿಗಿತ ಎಷ್ಟು ನಿಮಿಷವಿತ್ತೆಂದು ತಂದೆ ದಿನವೂ ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡುತ್ತಿದ್ದಾರೆ.