ಹಿಮದ ಹಾದಿಯಲ್ಲಿ ತಗ್ಗು ಮೋಟಾರು

ಮೋಟಾರು ಗಾಡಿಗಳಲ್ಲಿ ಎರಡು ಕುಲಗಳುಂಟು. ಸಂಸಾರವನ್ನೂ ಸಾಮಾನುಗಳನ್ನೂ ಹೊರುವುದಕ್ಕಾಗಿ ಹುಟ್ಟಿದುದು ಒಂದು. ಓಟದ ಸಂತೋಷಕ್ಕಾಗಿಯೇ ಹುಟ್ಟಿದುದು ಇನ್ನೊಂದು. ಈ ಎರಡನೆಯದನ್ನು ಪಾಶ್ಚಾತ್ಯರು ಸ್ಪೋರ್ಟ್ಸ್ ಕಾರು ಎಂದು ಕರೆಯುತ್ತಾರೆ. ಸಾಮಾನ್ಯವಾಗಿ ಇಬ್ಬರಿಗೆ ಸಾಕಾಗುವಷ್ಟು ಸ್ಥಳ, ಅಗಲವಾದ ಟಯರು, ನೆಲಕ್ಕೆ ಒರಗಿದಂತೆ ತಗ್ಗಾದ ಒಡಲು, ಇವು ಅದರ ಲಕ್ಷಣಗಳು. ಭಾರವು ನೆಲಕ್ಕೆ ಸಮೀಪವಾದಷ್ಟೂ ತಿರುವುಗಳಲ್ಲಿ ಗಾಡಿಯು ವಾಲುವುದು ಕಡಿಮೆ. ಆದುದರಿಂದಲೇ ಅದನ್ನು ಅಷ್ಟು ತಗ್ಗಾಗಿ ಕಟ್ಟುತ್ತಾರೆ. ಆದರೆ ಬೇಸಗೆಯ ಒಣರಸ್ತೆಯಲ್ಲಿ ಗುಣವೆನಿಸಿದುದು ಚಳಿಗಾಲದ ಹಿಮದಲ್ಲಿ ದೋಷವಾಗಿ ಪರಿಣಮಿಸುತ್ತದೆ. ಯೂರೋಪು, ಉತ್ತರ ಅಮೆರಿಕಗಳ ಶೀತಪ್ರದೇಶಗಳಲ್ಲಿ ಅನೇಕರು ಇಂತಹ ಗಾಡಿಗೆ ಹೊದಿಕೆ ಹೊದಿಸಿ, ವಸಂತದವರೆಗೆ ಕೊಟ್ಟಿಗೆಯಲ್ಲಿ ನಿಲ್ಲಿಸಿಬಿಡುವುದು ಈ ಕಾರಣದಿಂದಲೇ.

ಹಾಗಿದ್ದರೂ ಚಳಿಗಾಲವೆಲ್ಲ ಅದನ್ನೇ ಓಡಿಸುವವರೂ ಇದ್ದಾರೆ. ಅವರು ಅದನ್ನು ಹೇಗೆ ಸಾಧಿಸುತ್ತಾರೆಂಬುದು ಕೇವಲ ಕುತೂಹಲದ ವಿಷಯವಲ್ಲ. ಕನ್ನಡಿಗರ ಎಷ್ಟೋ ಮನೆಗಳ ಮಕ್ಕಳು ಇಂದು ಕೆನಡ, ಅಮೆರಿಕ, ಜರ್ಮನಿಗಳಲ್ಲಿ ಸಂಸಾರ ಹೂಡಿದ್ದಾರೆ. ಹಿಮವನ್ನು ಚಿತ್ರದಲ್ಲಿ ಮಾತ್ರ ಕಂಡು ಬೆಳೆದವರು ಮೊದಲ ಚಳಿಗಾಲದಲ್ಲಿ ಗಾಡಿಯ ಮುಂದೆ ಕುಳಿತಾಗ ಕಲಿಯಬೇಕಾದ ಪಾಠವೂ ಇದೇ ಆಗಿದೆ. ತಗ್ಗು ಗಾಡಿಯು ಆ ಪಾಠವನ್ನು ಬಹು ಕಠಿಣವಾಗಿ ಬೋಧಿಸುತ್ತದೆ, ಅಷ್ಟೆ.

ಮಲೆನಾಡಿನ ಮಳೆಗಾಲದಲ್ಲಿ ಪಾಚಿಗಟ್ಟಿದ ಅಂಗಳದ ಮೇಲೆ ನಡೆದವರಿಗೆ ಜಾರುವಿಕೆಯ ಸ್ವರೂಪವು ತಿಳಿದೇ ಇದೆ. ಅವಸರದಿಂದ ಹೆಜ್ಜೆಯಿಟ್ಟವನು ಬೀಳುತ್ತಾನೆ. ಮೆಲ್ಲನೆ ಅಡಿಯೂರಿದವನು ದಾಟುತ್ತಾನೆ. ಹಿಮದ ರಸ್ತೆಯ ನ್ಯಾಯವೂ ಹೀಗೆಯೇ. ಗಂಟೆಗೆ ೫೦ ಕಿಲೋಮೀಟರು ವೇಗದಲ್ಲಿ ಸಾಗುವ ಗಾಡಿಯು ಒಣ ಡಾಂಬರಿನ ಮೇಲೆ, ಬ್ರೇಕು ಹಿಡಿದ ಕ್ಷಣದಿಂದ ಸುಮಾರು ೧೨ ಮೀಟರಿನೊಳಗೆ ನಿಲ್ಲಬಲ್ಲದು. ಅದುಮಿ ಗಟ್ಟಿಯಾದ ಹಿಮದ ಮೇಲೆ ಅದಕ್ಕೆ ಸುಮಾರು ೫೦ ಮೀಟರು ಬೇಕು. ಬರಿಯ ಮಂಜುಗಡ್ಡೆಯ ಮೇಲಾದರೆ ೧೦೦ ಮೀಟರೂ ಆದೀತು. ವೇಗವು ಎರಡರಷ್ಟಾದರೆ ಈ ದೂರವು ನಾಲ್ಕರಷ್ಟಾಗುತ್ತದೆ. ಇಂಜನಿನ ಬಲವು ಎಷ್ಟಿದ್ದರೇನು? ನಿಲ್ಲಿಸುವ ಕಾಲಕ್ಕೆ ಅದು ಯಾವ ಸಹಾಯಕ್ಕೂ ಬರುವುದಿಲ್ಲ. ಇನ್ನೊಂದು ಸಂಗತಿಯನ್ನೂ ಮರೆಯತಕ್ಕದ್ದಲ್ಲ. ಕಡುಚಳಿಯ ದಿನಕ್ಕಿಂತ ಶೂನ್ಯ ಡಿಗ್ರಿಯ ಆಸುಪಾಸಿನ ದಿನವೇ ಹೆಚ್ಚು ಜಾರುತ್ತದೆ; ಮಂಜುಗಡ್ಡೆಯ ಮೇಲೆ ಆಗ ನೀರಿನ ತೆಳುಪದರವು ಮೂಡಿರುತ್ತದೆ. ಸೇತುವೆಗಳ ಮೇಲೂ ಕೆಳಗೂ ತಣ್ಣನೆಯ ಗಾಳಿಯು ಆಡುವುದರಿಂದ, ಉಳಿದ ರಸ್ತೆಗಿಂತ ಮೊದಲು ಅವೇ ಹೆಪ್ಪುಗಟ್ಟುತ್ತವೆ.

ತಗ್ಗು ಗಾಡಿಗೆ ಬರುವ ವಿಶೇಷ ಕಷ್ಟಗಳು ಎರಡು. ಮೊದಲನೆಯದು ಒಡಲಿನದು. ಜಪಾನಿನ ಮಾಜ್ದಾ ಕಂಪೆನಿಯು ೧೯೮೯ರಲ್ಲಿ ಹೊರತಂದ ಎಂಎಕ್ಸ್-೫ ಎಂಬ ಪ್ರಸಿದ್ಧವಾದ ಪುಟ್ಟ ಗಾಡಿಯನ್ನೇ ನೋಡಿರಿ. ಅದರ ಒಡಲಿಗೂ ನೆಲಕ್ಕೂ ನಡುವೆ ಕೆಲವೇ ಅಂಗುಲಗಳ ಅಂತರ ಮಾತ್ರ. ಹಿಮವು ಅದಕ್ಕಿಂತ ಹೆಚ್ಚಾಗಿ ಬಿದ್ದರೆ ಗಾಡಿಯು ನೇಗಿಲಿನಂತೆ ಅದನ್ನು ತಳ್ಳತೊಡಗುತ್ತದೆ. ತಳ್ಳಿದ ಹಿಮವು ಹೊಟ್ಟೆಯಡಿಗೆ ನುಗ್ಗಿ ಗಟ್ಟಿಯಾಗಿ, ಗಾಡಿಯನ್ನೇ ಮೇಲಕ್ಕೆತ್ತಿಬಿಡುತ್ತದೆ. ಚಕ್ರಗಳು ತಿರುಗುತ್ತಿರುತ್ತವೆ, ಗಾಡಿಯು ಕದಲುವುದಿಲ್ಲ. ಎರಡನೆಯದು ಟಯರಿನದು. ಅಗಲವಾದ ಟಯರು ಹೊಸ ಹಿಮದ ಮೇಲೆ ತೇಲುತ್ತದೆ. ಕಿರಿದಾದುದು ಅದನ್ನು ಕತ್ತರಿಸಿಕೊಂಡು ಕೆಳಗಿನ ನೆಲವನ್ನು ಮುಟ್ಟುತ್ತದೆ. ಆದುದರಿಂದ ಬಲ್ಲವರು ಚಳಿಗಾಲಕ್ಕೆಂದೇ ತುಸು ಕಿರಿದಾದ ಟಯರುಗಳ ಬೇರೊಂದು ಜೊತೆಯನ್ನು ಇಟ್ಟುಕೊಳ್ಳುತ್ತಾರೆ.

ವಾಸ್ತವವಾಗಿ ಹಿಮದ ಸಮಸ್ಯೆಯ ಅರ್ಧ ಭಾಗವು ಟಯರಿನಲ್ಲಿಯೇ ಬಗೆಹರಿಯುತ್ತದೆ. ಬೇಸಗೆಯ ಟಯರಿನ ರಬ್ಬರು, ಉಷ್ಣತೆಯು ಸುಮಾರು ೭ ಡಿಗ್ರಿ ಸೆಂಟಿಗ್ರೇಡಿಗಿಂತ ಇಳಿದಾಗ ಬಿರುಸಾಗತೊಡಗಿ ನೆಲದ ಮೇಲಿನ ಹಿಡಿತವನ್ನು ಕಳೆದುಕೊಳ್ಳುತ್ತದೆ. ಚಳಿಗಾಲದ ಟಯರಿನ ರಬ್ಬರಾದರೋ ಚಳಿಯಲ್ಲಿಯೂ ಮೃದುವಾಗಿರುತ್ತದೆ. ಅದರ ಮೈಮೇಲೆ ಕೊರೆದಿರುವ ಸಣ್ಣ ಸೀಳುಗಳು ಹಿಮವನ್ನು ಕಚ್ಚಿ ಹಿಡಿಯುತ್ತವೆ. ಚಳಿಗಾಲಕ್ಕೆಂದೇ ಮಾಡಿದ ಟಯರನ್ನು ಫಿನ್ಲೆಂಡಿನ ಒಂದು ಕಾರ್ಖಾನೆಯು ೧೯೩೪ರಲ್ಲಿಯೇ ತಯಾರಿಸಿತು. ಇಂದು ಕೆಲವು ದೇಶಗಳಲ್ಲಿ ಇದು ಗಾಡಿಯ ಒಡೆಯನ ಇಷ್ಟಕ್ಕೆ ಬಿಟ್ಟ ವಿಷಯವಲ್ಲ. ಕೆನಡದ ಕ್ವಿಬೆಕ್ ಪ್ರಾಂತದಲ್ಲಿ ಡಿಸೆಂಬರು ೧ರಿಂದ ಮಾರ್ಚಿ ೧೫ರವರೆಗೆ ಚಳಿಗಾಲದ ಟಯರು ಕಡ್ಡಾಯ. ಜರ್ಮನಿಯಲ್ಲಿ ರಸ್ತೆಯು ಹಿಮದಿಂದಲೋ ಮಂಜುಗಡ್ಡೆಯಿಂದಲೋ ಕೂಡಿರುವಾಗ, ಮೂರು ಶಿಖರಗಳ ಬೆಟ್ಟದೊಳಗೆ ಹಿಮದ ಹರಳನ್ನು ಕೆತ್ತಿದ ಗುರುತುಳ್ಳ ಟಯರೇ ಇರಬೇಕು.

ತಗ್ಗು ಗಾಡಿಯು ಹಿಮದಲ್ಲಿ ಓಡಲಾರದೆಂಬ ಮಾತನ್ನು ಸುಳ್ಳಾಗಿಸಿದ ನಿದರ್ಶನವೊಂದುಂಟು. ಮೊನಾಕೊದ ಮಾಂಟೆ ಕಾರ್ಲೊ ಹೆಸರಿನ ಮೋಟಾರು ಪಂದ್ಯವು ೧೯೧೧ರಲ್ಲಿ ಪ್ರಾರಂಭವಾದುದು. ಜನವರಿಯ ಚಳಿಯಲ್ಲಿ, ಆಲ್ಪ್ಸ್ ಪರ್ವತದ ಕಣಿವೆಗಳಲ್ಲಿ ನಡೆಯುತ್ತದೆ. ಅಲ್ಲಿಯ ಟುರಿನಿ ಎಂಬ ಕಣಿವೆಯ ನೆತ್ತಿಯು ೧೬೦೭ ಮೀಟರು ಎತ್ತರದಲ್ಲಿದೆ. ಈ ಪಂದ್ಯವನ್ನು ೧೯೬೮, ೧೯೬೯, ೧೯೭೦ ಹೀಗೆ ಮೂರು ವರುಷ ಸಾಲಾಗಿ ಗೆದ್ದುದು ಪೋರ್ಷೆ ೯೧೧ ಎಂಬ ತಗ್ಗು ಗಾಡಿಯೇ. ಮೊದಲ ಸಲ ಇಂಗ್ಲೆಂಡಿನ ವಿಕ್ ಎಲ್‌ಫರ್ಡನೂ ಮುಂದಿನ ಎರಡು ಸಲ ಸ್ವೀಡನ್ನಿನ ಬ್ಯೋರ್ನ್ ವಾಲ್ಡೆಗಾರ್ಡನೂ ಅದನ್ನು ನಡೆಸಿದರು. ಆ ಗಾಡಿಯ ಇಂಜನು ಹಿಂದಿನ ಅಚ್ಚಿಗೂ ಹಿಂದೆ ಇದೆ. ನೂಕುವ ಚಕ್ರಗಳೂ ಹಿಂದಿನವೇ ಆದುದರಿಂದ, ಇಂಜನಿನ ಭಾರವು ಅವನ್ನು ನೆಲಕ್ಕೆ ಅದುಮಿ ಹಿಡಿತವನ್ನು ಒದಗಿಸುತ್ತದೆ. ಆದರೆ ಮೂತಿಯು ಹಗುರವಾದ ಕಾರಣ, ವೇಗವಾಗಿ ತಿರುಗಿಸಹೋದರೆ ಗಾಡಿಯು ತಿರುಗದೆ ನೇರವಾಗಿಯೇ ಸಾಗಿಬಿಡುವ ಭಯವುಂಟು. ೧೯೬೮ರ ಅದೇ ಪಂದ್ಯದಲ್ಲಿ ಫ್ರಾನ್ಸಿನ ಜೆರಾರ್ ಲಾರೂಸನು, ಪ್ರೇಕ್ಷಕರು ರಸ್ತೆಯ ಮೇಲೆ ಎಸೆದಿದ್ದ ಹಿಮದ ಮೇಲೆ ಜಾರಿ, ಗೆಲುವಿನ ಆಸೆಯನ್ನೇ ಕಳೆದುಕೊಂಡನು. ಪ್ರವೀಣರಲ್ಲಿ ಪ್ರವೀಣನಾದವನಿಗೂ, ನಿರೀಕ್ಷಿಸದೆ ಎದುರಾದ ಒಂದು ಹಿಡಿ ಹಿಮವು ಸಾಕು.

ಹಾಗಾದರೆ ಸಾಮಾನ್ಯ ಗೃಹಸ್ಥನು ಅನುಸರಿಸತಕ್ಕ ಕ್ರಮವೇನು? ಕಾಲೂ ಕೈಯೂ ಮೃದುವಾಗಿರಬೇಕು. ಗೇರು ಕೈಯಲ್ಲಿರುವ ಗಾಡಿಯನ್ನು ಎರಡನೆಯ ಗೇರಿನಲ್ಲಿ ಹೊರಡಿಸಿದರೆ ಚಕ್ರಗಳು ವೃಥಾ ಸುತ್ತುವುದಿಲ್ಲ. ತಿರುವು ಬರುವುದಕ್ಕೆ ಮುಂಚೆಯೇ, ಗಾಡಿಯು ನೇರವಾಗಿರುವಾಗ ವೇಗವನ್ನು ತಗ್ಗಿಸಿಕೊಳ್ಳಬೇಕು. ತಿರುವಿನ ಮಧ್ಯದಲ್ಲಿ ಬ್ರೇಕು ಒತ್ತಬಾರದು. ಹಿಂದಿನ ಚಕ್ರಗಳಿಂದ ನಡೆಯುವ ಗಾಡಿಯಲ್ಲಿ ತಟಕ್ಕನೆ ಕೆಳಗಿನ ಗೇರಿಗೆ ಇಳಿಸಲೂ ಬಾರದು. ಗಾಡಿಯ ಹಿಂಭಾಗವು ಬಲಕ್ಕೆ ಜಾರಿದರೆ ಹಿಡಿಚಕ್ರವನ್ನೂ ಬಲಕ್ಕೇ ತಿರುಗಿಸಿ, ಹೋಗಬೇಕಾದ ದಿಕ್ಕಿನಲ್ಲಿ ದೃಷ್ಟಿಯಿಡಬೇಕು. ಹೋಗಬಾರದ ಕಂಬವನ್ನೇ ದಿಟ್ಟಿಸಿದರೆ ಕೈಯೂ ಅತ್ತಲೇ ಎಳೆಯುತ್ತದೆ. ಸ್ವೀಡನ್ ದೇಶದಲ್ಲಿ ಕಾರಿನ ಲೈಸೆನ್ಸು ಬಯಸುವವರು ಜಾರುವ ನೆಲದ ಮೇಲಿನ ಶಿಕ್ಷಣವನ್ನು ಮುಗಿಸಿಯೇ ತೀರಬೇಕೆಂದು ನಿಯಮವಿದೆ. ನಾಲ್ಕು ಚಕ್ರಗಳನ್ನೂ ಇಂಜನೇ ನಡೆಸುವ ಗಾಡಿಗಳು ಈಗ ಸುಲಭವಾಗಿ ದೊರೆಯುತ್ತವೆ, ನಿಜ. ಆದರೆ ಆ ಅನುಕೂಲವು ಹೊರಡುವುದಕ್ಕೇ ಹೊರತು ನಿಲ್ಲುವುದಕ್ಕಲ್ಲ. ಸುಲಭವಾಗಿ ಹೊರಟವನು ಸುಲಭವಾಗಿ ನಿಲ್ಲಬಲ್ಲೆನೆಂದು ನಂಬುವುದರಲ್ಲಿಯೇ ಮೋಸವಿದೆ.

ಪ್ರಾಣಕ್ಕೆ ಸಂಬಂಧಿಸಿದ ಮಾತೊಂದನ್ನು ಪ್ರತ್ಯೇಕವಾಗಿಯೇ ಹೇಳಬೇಕು. ಹಿಮದಲ್ಲಿ ಸಿಕ್ಕಿಬಿದ್ದ ಗಾಡಿಯೊಳಗೆ, ಬೆಚ್ಚಗಿರಲೆಂದು ಇಂಜನನ್ನು ನಡೆಸುತ್ತ ಕುಳಿತುಕೊಳ್ಳುವುದು ಸಹಜ. ತಗ್ಗು ಗಾಡಿಯ ಹೊಗೆ ಕೊಳವೆಯು ನೆಲಕ್ಕೆ ತೀರ ಸಮೀಪವಿರುವುದರಿಂದ ಹಿಮವು ಅದನ್ನು ಬೇಗನೆ ಮುಚ್ಚಬಲ್ಲದು. ಆಗ ಹೊರಹೋಗಬೇಕಾದ ಹೊಗೆಯಲ್ಲಿನ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲವು ಒಳಗೆ ಸೇರುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ಉಸಿರಾಡಿದವರು ತೂಕಡಿಸಿ ನಿದ್ರೆ ಹೋದಂತೆಯೇ ಮರಣವನ್ನು ಹೊಂದುತ್ತಾರೆ. ಆದುದರಿಂದ ಇಂಜನನ್ನು ಹೊರಡಿಸುವ ಮೊದಲು ಇಳಿದು ಕೊಳವೆಯ ಸುತ್ತಲಿನ ಹಿಮವನ್ನು ಬಾಚಿಹಾಕಬೇಕು. ಹಿಮವು ಬೀಳುತ್ತಿದ್ದರೆ ಮತ್ತೆ ಮತ್ತೆ ನೋಡಬೇಕು. ಕಿಟಕಿಯನ್ನು ತುಸು ತೆರೆದಿರಬೇಕು. ಒಂದು ಸಣ್ಣ ಸಲಿಕೆ, ಕಂಬಳಿ, ಬ್ಯಾಟರಿ ದೀಪ, ಸ್ವಲ್ಪ ಮರಳು, ಇವಿಷ್ಟು ಗಾಡಿಯಲ್ಲಿರಲಿ. ಸುತ್ತುವ ಚಕ್ರದ ಮುಂದೆ ಎರಚಿದ ಮರಳು ಎಷ್ಟೋ ಗಾಡಿಗಳನ್ನು ಎತ್ತಿ ನಿಲ್ಲಿಸಿದೆ.

ಮಂಜುಗಡ್ಡೆಯನ್ನು ಕರಗಿಸಲು ಆ ದೇಶಗಳಲ್ಲಿ ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಅದು ಜನರಿಗೆ ಉಪಕಾರಿ, ಗಾಡಿಯ ಕಬ್ಬಿಣಕ್ಕೆ ಶತ್ರು. ಚಳಿಗಾಲದಲ್ಲಿ ಗಾಡಿಯ ಹೊಟ್ಟೆಯನ್ನು ಆಗಾಗ ನೀರಿನಿಂದ ತೊಳೆಯದಿದ್ದರೆ ತುಕ್ಕು ಒಳಗಿಂದೊಳಗೆ ತಿನ್ನುತ್ತ ಹೋಗುತ್ತದೆ.

ಇಷ್ಟನ್ನೆಲ್ಲ ಅರಿತು ನಡೆಸುವವನಿಗೆ ತಗ್ಗು ಗಾಡಿಯೂ ಚಳಿಗಾಲದ ಸಂಗಾತಿಯಾಗಬಲ್ಲದು. ಆದರೆ ಅರಿವಿನ ಕೊನೆಯ ಪಾಠವು ಬೇರೆಯೇ ಇದೆ. ಹಿಮವು ಒಡಲಿನ ಎತ್ತರವನ್ನು ಮೀರಿದ ದಿನ, ಅಥವಾ ರಸ್ತೆಯೆಲ್ಲ ಮಂಜುಗಡ್ಡೆಯಾದ ದಿನ, ಕೀಲಿಕೈಯನ್ನು ಗೂಟಕ್ಕೆ ತೂಗುಹಾಕಿ ಮನೆಯಲ್ಲಿರುವುದೇ ಜಾಣತನ. ವೇಗವಾಗಿ ಓಡಿಸಬಲ್ಲವರು ಬಹು ಮಂದಿ. ಹೊರಡದಿರಬೇಕಾದ ದಿನವನ್ನು ಗುರುತಿಸಬಲ್ಲವರು ಕೆಲವರೇ. ದೂರದೇಶದಲ್ಲಿರುವ ಮಕ್ಕಳಿಗೆ ಕಾಗದ ಬರೆಯುವಾಗ ತಾಯಿತಂದೆಗಳು ಈ ಮಾತನ್ನೂ ಒಂದು ಸಾಲು ಸೇರಿಸಿದರೆ ಅದು ವ್ಯರ್ಥವಾಗದು.